ನಗರದ ದಂಗೆಯೂ ಅದರ ಚರಿತ್ರಕಾರರೂ

ಕ್ರಿ. ಶ. 1830 ರಲ್ಲಿ ಮೈಸೂರು ಸಂಸ್ಥಾನದ ನಗರ ಫೌಜುದಾರಿಯ ರೈತರು ಕೂಟಗೂಡಿ, ಕಂದಾಯವನ್ನು ಕೊಡಲೊಲ್ಲೆವೆಂದು ಎದ್ದು ನಿಂತ ಸಂಗತಿಯು ಕನ್ನಡನಾಡಿನ ಈಚಿನ ಚರಿತ್ರೆಯಲ್ಲಿ ಬಹು ದೂರದ ಪರಿಣಾಮಗಳನ್ನುಂಟುಮಾಡಿದ ಘಟನೆಗಳಲ್ಲೊಂದು. ಅದನ್ನೇ ನಿಮಿತ್ತವಾಗಿಟ್ಟುಕೊಂಡು ಇಂಗ್ಲಿಷ್ ಕಂಪೆನಿಯವರು 1831 ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯಭಾರವನ್ನು ತೆಗೆದುಕೊಂಡರು. ಅದು ಒಡೆಯರ ಮನೆತನಕ್ಕೆ ಮರಳಿ ಬಂದುದು 1881 ರ ಮಾರ್ಚಿ 25 ರಂದು. ಅಂದರೆ ಐವತ್ತು ವರ್ಷಗಳ ಮೇಲೆ. ಇಷ್ಟು ದೊಡ್ಡ ಪಲ್ಲಟಕ್ಕೆ ಕಾರಣವಾದ ದಂಗೆಯು ಏತರಿಂದ ಹುಟ್ಟಿತೆಂದು ಕೇಳಿದರೆ, ಬಹುಕಾಲದಿಂದ ಪುಸ್ತಕಗಳಲ್ಲಿ ದೊರೆಯುವ ಉತ್ತರವು ಒಂದೇ: ಅರಸರ ದುರ್ವ್ಯಯ, ಅಧಿಕಾರಿಗಳ ಲಂಚಗುಳಿತನ. ಈ ಉತ್ತರವು ಸುಳ್ಳಲ್ಲ. ಆದರೆ ಅದು ಯಾರ ಲೇಖನಿಯಿಂದ, ಯಾವಾಗ, ಯಾವ ಉದ್ದೇಶಕ್ಕಾಗಿ ಹೊರಟಿತೆಂಬುದನ್ನು ವಿಚಾರಿಸದೆ ಅದನ್ನು ಪೂರ್ಣಸತ್ಯವೆಂದು ಅಂಗೀಕರಿಸುವುದು ಚರಿತ್ರೆಯ ಧರ್ಮವಾಗಲಾರದು.

ಈ ವಿಚಾರವು ಗ್ರಂಥಾಲಯದೊಳಗಿನ ಚರ್ಚೆ ಮಾತ್ರವಲ್ಲ. ತರೀಕೆರೆಯ ಬಯಲಿನಿಂದ ಮೊದಲಾಗಿ ಬಾಬಾಬುಡನ್ ಗಿರಿಗಳನ್ನು ಹಾದು ಆಲ್ದೂರು, ಬಾಳೆಹೊನ್ನೂರು, ಕಳಸಗಳ ಕಡೆಗೆ ಹಬ್ಬಿರುವ ಮಲೆಯ ಸೀಮೆಯು ಇಂದು ಯಾವ ಜಿಲ್ಲೆಯ ಹೆಸರಿನಲ್ಲಿ ಪ್ರಸಿದ್ಧವೋ ಆ ಜಿಲ್ಲೆಯೇ ಈ ದಂಗೆಯ ನಂತರದ ಆಡಳಿತದ ಸೃಷ್ಟಿ. ಕಮಿಷನರ ಕಾಲದ ನಗರ ವಿಭಾಗವನ್ನೊಡೆದು 1863 ರಲ್ಲಿ ಕಡೂರು ಜಿಲ್ಲೆಯನ್ನು ಮಾಡಿದರು. ಅದರ ಮುಖ್ಯಸ್ಥಳವು ಎರಡು ವರ್ಷಗಳಲ್ಲಿ ಚಿಕ್ಕಮಗಳೂರಿಗೆ ಬಂತು. 1947 ರಲ್ಲಿ ಜಿಲ್ಲೆಯ ಹೆಸರೂ ಚಿಕ್ಕಮಗಳೂರೆಂದಾಯಿತು. ಈ ಮಲೆಗಳಲ್ಲಿ ಐರೋಪ್ಯರ ಕಾಫಿ ತೋಟಗಳು ಬೆಳೆದುದೂ ಆ ಐವತ್ತು ವರ್ಷಗಳಲ್ಲೇ. ಆದುದರಿಂದ 1830 ರಲ್ಲಿ ತಪ್ಪಿದವರು ಯಾರೆಂಬ ತೀರ್ಪಿನ ಮೇಲೆ ಈ ಸೀಮೆಯ ಮುಂದಿನ ಕಥೆಯೆಲ್ಲ ನಿಂತಿದೆ ಎಂದರೆ ಅತಿಶಯೋಕ್ತಿಯಾಗದು.

ಘಟನೆಯ ಸಂಕ್ಷೇಪವು ಇಂತಿದೆ. 1799 ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಬಾಲಕರಾಗಿದ್ದ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿದರು. ಪೂರ್ಣಯ್ಯನವರು 1811 ರ ಸುಮಾರಿಗೆ ಅಧಿಕಾರದಿಂದಿಳಿದಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗಳಿಗೂ ಮಿಕ್ಕಿ ಹಣವಿತ್ತೆಂದು ಹೇಳುತ್ತಾರೆ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅದು ಕರಗಿ, ಸಾಲವೂ ಬೆಳೆಯಿತು. ಮದರಾಸಿನ ಗವರ್ನರ್ ಸರ್ ತಾಮಸ್ ಮನ್ರೋ 1825 ರಲ್ಲಿ ಮೈಸೂರಿಗೆ ಬಂದು, ಲೆಕ್ಕಪತ್ರಗಳನ್ನು ಸರಿಪಡಿಸದಿದ್ದರೆ ಕಂಪೆನಿಯು ಕೈಹಾಕಬೇಕಾದೀತೆಂದು ಅರಸರಿಗೆ ಎಚ್ಚರಿಕೆ ಕೊಟ್ಟನು. ಅತ್ತ ನಗರದಲ್ಲಿ, ಮೊದಲ ಫೌಜುದಾರನಾದ ರಾಮರಾಯನ ನಂಟರೂ ಆಶ್ರಿತರೂ ಬಹುಕಾಲ ಅಧಿಕಾರವನ್ನು ಹಿಡಿದಿದ್ದರು. ಅವರ ಲೆಕ್ಕದಲ್ಲಿ ಮೋಸವಿದೆಯೆಂಬ ಶಂಕೆಯಿಂದ ಅರಸರು ತಮ್ಮ ಬಂಧುವಾದ ವೀರರಾಜ ಅರಸನ್ನು ಅಲ್ಲಿಗೆ ನೇಮಿಸಿದರು. ಈತನು ಹಿಂದಿನವರು ಕೊಟ್ಟಿದ್ದ ಕಂದಾಯದ ಮಾಫಿಗಳನ್ನು ಅಲ್ಲಗಳೆದು ವಸೂಲಿಗೆ ನಿಂತಾಗ ರೈತರು ಕೆರಳಿದರು. ಇದೇ ಸಮಯದಲ್ಲಿ ಕುಂಸಿಯ ಕಡೆಯ ಸಾದರ ಮಲ್ಲನೆಂಬವನು ಬೂದಿ ಬಸವಪ್ಪನೆಂಬ ಹೆಸರಿನಿಂದ, ತಾನು ಕೆಳದಿಯ ಅರಸುಮನೆತನದ ವಾರಸುದಾರನೆಂದು ಹೇಳಿಕೊಂಡು ಕಾಣಿಸಿಕೊಂಡನು. ಬಿದನೂರು ಹೈದರಾಲಿಯ ಕೈಸೇರಿ ಆಗಲೇ 67 ವರ್ಷಗಳಾಗಿದ್ದರೂ ಆ ಹೆಸರಿಗೆ ಇನ್ನೂ ಜನರನ್ನು ಎಬ್ಬಿಸುವ ಶಕ್ತಿಯಿದ್ದಿತೆಂಬುದು ಗಮನಾರ್ಹ. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನು ಮೈಸೂರಿನಿಂದ ತಪ್ಪಿಸಿಕೊಂಡು ಬಂದು ದಂಗೆಕೋರರನ್ನು ಸೇರಿದನು. ಸರ್ಜಾ ಹನುಮಪ್ಪನಾಯಕನೂ ಕೂಡಿಕೊಂಡನು. ಕಲ್ದುರ್ಗ, ಕಾಮನದುರ್ಗಗಳು ಅವರ ವಶವಾದವು. ಅರಸರ ಸೈನ್ಯದಿಂದ ಕೆಲಸವಾಗದೆ ಕಂಪೆನಿಯ ದಂಡು ಬಂದು, 1831 ರ ಜೂನಿನಲ್ಲಿ ನಗರವನ್ನು ಹಿಡಿಯಿತು.

ಇದಾದ ಮೂರು ತಿಂಗಳಿಗೆ, 1831 ರ ಸೆಪ್ಟೆಂಬರಿನಲ್ಲಿ, ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು ಅರಸರಿಗೆ ಪತ್ರ ಬರೆದು ರಾಜ್ಯಾಧಿಕಾರವನ್ನು ಒಪ್ಪಿಸಬೇಕೆಂದು ತಿಳಿಸಿದನು. ವಿಚಾರಣೆಯ ಸಮಿತಿ ನೇಮಕವಾದುದು ಅದಕ್ಕೂ ಒಂದು ವರ್ಷದ ಮೇಲೆ, 1832 ರ ಡಿಸೆಂಬರಿನಲ್ಲಿ. ವರದಿ ಹೊರಟುದು 1833 ರ ಡಿಸೆಂಬರಿನಲ್ಲಿ. ಶಿಕ್ಷೆಯು ಮೊದಲು, ವಿಚಾರಣೆಯು ಆಮೇಲೆ. ಈ ಕ್ರಮವ್ಯತ್ಯಾಸವನ್ನು ಗಮನಿಸದೆ ವರದಿಯನ್ನು ಓದುವವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಸಮಿತಿಯ ನಾಲ್ವರು ಸದಸ್ಯರಾದ ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಇವರೆಲ್ಲರೂ ಕಂಪೆನಿಯ ನೌಕರರು. ಇವರಲ್ಲಿ ಮಾರಿಸನ್ನನು ಮೈಸೂರಿನ ಕಮಿಷನರಾಗಿಯೂ ಇದ್ದವನು. ಕಬ್ಬನ್ನನಾದರೋ 1834 ರಿಂದ 1861 ರ ವರೆಗೆ 27 ವರ್ಷ ಆ ಪದವಿಯಲ್ಲಿದ್ದನು. ಅವನು ಪ್ರಾಮಾಣಿಕನೂ ದಕ್ಷನೂ ಆಗಿದ್ದನೆಂಬುದರಲ್ಲಿ ವಿವಾದವಿಲ್ಲ. ಆದರೂ ಒಂದು ಮನೆಯನ್ನು ಅದರ ಒಡೆಯನಿಂದ ಬಿಡಿಸಿದ್ದು ನ್ಯಾಯವೇ ಎಂದು ಹೇಳಬೇಕಾದವನೇ ಆ ಮನೆಯ ಪಾರುಪತ್ಯಗಾರನಾಗುವುದಾದರೆ, ಅವನ ಸಾಕ್ಷ್ಯವನ್ನು ಎಷ್ಟು ತೂಕದಿಂದ ತೆಗೆದುಕೊಳ್ಳಬೇಕೆಂಬುದು ಯಾವ ನ್ಯಾಯಸ್ಥಾನದಲ್ಲಾದರೂ ಏಳುವ ಪ್ರಶ್ನೆ.

ಈ ವರದಿಯೇ ಮುಂದಿನ ಚರಿತ್ರಕಾರರಿಗೆ ಮೂಲಗ್ರಂಥವಾಯಿತು. ರೈಸ್ ಸಾಹೇಬರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ, 1870 ರ ದಶಕದ ಮೊದಲ ಮುದ್ರಣದಲ್ಲಿಯೂ 1897 ರ ಪರಿಷ್ಕೃತ ಮುದ್ರಣದಲ್ಲಿಯೂ, ದಂಗೆಯ ಕಥೆಯನ್ನು ಬಹುಮಟ್ಟಿಗೆ ಅದರ ದಾರಿಯಲ್ಲಿಯೇ ನಡೆಸಿದ್ದಾರೆ. ಕನ್ನಡನಾಡಿನ ಪ್ರಾಚೀನ ಚರಿತ್ರೆಗೆ ಅವರು ಮಾಡಿರುವ ಉಪಕಾರವು ಮರೆಯಲಾಗದ್ದು. 1901 ರಲ್ಲಿ ಪ್ರಕಟವಾದ ಕಡೂರು ಜಿಲ್ಲೆಯ ಶಾಸನಸಂಪುಟವೊಂದೇ ಅವರ ಕೀರ್ತಿಗೆ ಸಾಕು. ಆದರೆ ಹೊಯ್ಸಳರ ಒಂದು ದಾನಶಾಸನದ ತಿಥಿವಾರಗಳನ್ನು ಅಷ್ಟು ನಿಷ್ಠುರವಾಗಿ ಒರೆಗೆ ಹಚ್ಚಿದ ಅದೇ ಪಂಡಿತರು, ತಮ್ಮ ಸರ್ಕಾರದ ಈಚಿನ ಕಾಗದಗಳ ವಿಷಯದಲ್ಲಿ ಅಷ್ಟು ನಿಷ್ಠುರರಾಗಲಿಲ್ಲವೆನ್ನದೆ ವಿಧಿಯಿಲ್ಲ.

ಈಗ ಆಪಾದನೆಗಳ ಸ್ವರೂಪವನ್ನು ನೋಡಬಹುದು. ಮೊದಲನೆಯದು ಶರ್ತಿ ಪದ್ಧತಿ. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಸರ್ಕಾರಕ್ಕೆ ಕೂಡಿಸಿಕೊಡುವೆನೆಂದು ಶರ್ತು ಬರೆದುಕೊಡುವುದು. ಹೆಚ್ಚು ಬಂದರೆ ಸರ್ಕಾರಕ್ಕೆ ಕಟ್ಟುವುದು, ಕಡಮೆಯಾದರೆ ತನ್ನ ಕೈಯಿಂದ ತುಂಬುವುದು. ಕಾಗದದ ಮೇಲೆ ಇದು ಸರ್ಕಾರಕ್ಕೆ ಎರಡೂ ಕಡೆಯಿಂದ ಲಾಭ. ಆದರೆ ನಷ್ಟವನ್ನು ಮಾತ್ರ ಹೊರುವ, ಲಾಭದಲ್ಲಿ ಪಾಲಿಲ್ಲದ ಮನುಷ್ಯನು ಪ್ರಪಂಚದಲ್ಲಿ ಎಲ್ಲಿಯೂ ಇರಲಾರನು. ಹೆಚ್ಚು ಬಂದದ್ದನ್ನು ಅಮಲ್ದಾರನು ಮುಚ್ಚಿಟ್ಟನು. ಕಡಮೆಯಾದದ್ದನ್ನು ರೈತನ ಬೆನ್ನಿನ ಮೇಲೆ ಹೇರಿದನು. ಲೆಕ್ಕ ಬರೆಯುವ ಶ್ಯಾನುಭೋಗನು ಎರಡಕ್ಕೂ ಬೇಕಾದವನಾದನು. ಇದರ ಮೇಲೆ ಅಮಲ್ದಾರಿಕೆಯೇ ನಜರು ಕೊಟ್ಟವರ ಪಾಲಾಗುತ್ತಿದ್ದುದರಿಂದ, ಕೊಟ್ಟ ಹಣವನ್ನು ಮರಳಿ ಎತ್ತುವ ಆತುರವೂ ಸೇರಿತು. ಈ ಭಾಗದಲ್ಲಿ ವರದಿಯ ಮಾತನ್ನು ತಳ್ಳಿಹಾಕಲು ಅರಮನೆಯ ಪಕ್ಷದವರಿಂದಲೂ ಆಗಿಲ್ಲ, ಆಗುವಂತೆಯೂ ಇಲ್ಲ. ದಾನಶೀಲರೂ ವಿದ್ವತ್ಪಕ್ಷಪಾತಿಗಳೂ ಆಗಿದ್ದ ಅರಸರ ಕಣ್ಣೆದುರಿಗೇ ಅಧಿಕಾರವು ಸಂತೆಯ ಸರಕಾಯಿತು.

ಎರಡನೆಯದು ಚಿಲ್ಲರೆ ತೆರಿಗೆಗಳು. ಕಬ್ಬನ್ನನ ಆಡಳಿತದಲ್ಲಿ 769 ಬಗೆಯ ಸಣ್ಣಪುಟ್ಟ ತೆರಿಗೆಗಳನ್ನು ತೆಗೆದುಹಾಕಿದರೆಂದು ರೈಸರು ಹೇಳಿ ಕೆಲವನ್ನು ಹೆಸರಿಸಿದ್ದಾರೆ: ಮದುವೆಯ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಚೌಲಕ್ಕೆ ತೆರಿಗೆ. ಒಂದು ಹಳ್ಳಿಯವರಂತೂ, ತಮ್ಮ ಹಿರಿಯರು ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂಬ ಅಪರಾಧಕ್ಕಾಗಿ ತೆರುತ್ತಲೇ ಇದ್ದರಂತೆ. ಓದಿ ನಗುವವರು ನಗಬಹುದು; ತೆತ್ತವರಿಗೆ ನಗು ಬಂದಿರಲಾರದು. ಈ ಪಟ್ಟಿಯನ್ನು ಸಾಮಾನ್ಯವಾಗಿ ಕೃಷ್ಣರಾಜ ಒಡೆಯರ ದುರಾಡಳಿತದ ಸಾಕ್ಷಿಯೆಂಬಂತೆ ಉದಾಹರಿಸುವುದುಂಟು. ಆದರೆ ಪಾಳೆಯಗಾರನ ಕುದುರೆಯ ಕಥೆಯೇ ಇದಕ್ಕೆ ವಿರೋಧವಾಗಿ ಸಾಕ್ಷ್ಯ ಹೇಳುತ್ತದೆ. ಆ ತೆರಿಗೆಯು ಒಡೆಯರ ಕಾಲದ್ದಲ್ಲ. ಪಾಳೆಯಪಟ್ಟುಗಳು ಅಳಿದರೂ, ಆಳುವವರು ಒಬ್ಬರಾದ ಮೇಲೊಬ್ಬರು ಬದಲಾದರೂ, ಹಳೆಯ ಕಡತದಲ್ಲಿ ಬರೆದದ್ದನ್ನು ಯಾರೂ ಅಳಿಸಲಿಲ್ಲವೆಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ. ದಕ್ಷರೆಂದು ಇಂಗ್ಲಿಷರು ಹೊಗಳಿ 1807 ರಲ್ಲಿ ಯಳಂದೂರಿನ ಜಹಗೀರನ್ನು ಕೊಡಿಸಿದ ಪೂರ್ಣಯ್ಯನವರ ಕಾಲದ ಬೊಕ್ಕಸದ ಹಣದಲ್ಲಿಯೂ ಇಂಥ ಕಾಸುಗಳು ಸೇರಿದ್ದಿರಬೇಕು. ಒಬ್ಬನ ಕಾಲದಲ್ಲಿ ಮಿತವ್ಯಯವೆನಿಸಿದ್ದು ಇನ್ನೊಬ್ಬನ ಕಾಲದಲ್ಲಿ ಸುಲಿಗೆಯೆನಿಸಿದರೆ, ವ್ಯತ್ಯಾಸವಿರುವುದು ತೆರಿಗೆಯಲ್ಲೋ ಬರೆಯುವವನ ದೃಷ್ಟಿಯಲ್ಲೋ ಎಂದು ಕೇಳಬೇಕಾಗುತ್ತದೆ.

ವರದಿಯು ಯಾವುದನ್ನು ಹಗುರವಾಗಿ ದಾಟುತ್ತದೆಯೋ ಅದನ್ನು ಇಲ್ಲಿ ವಿಸ್ತರಿಸುವುದು ಆವಶ್ಯಕ. 1799 ರ ಒಡಂಬಡಿಕೆಯಂತೆ ಮೈಸೂರು ಸಂಸ್ಥಾನವು ವರ್ಷಕ್ಕೆ ಏಳು ಲಕ್ಷ ನಕ್ಷತ್ರ ವರಹಗಳನ್ನು, ಅಂದರೆ 24 ಲಕ್ಷದ 50 ಸಾವಿರ ರೂಪಾಯಿಗಳನ್ನು, ಕಂಪೆನಿಗೆ ನಗದಾಗಿ ಕೊಡಬೇಕಾಗಿತ್ತು. ಇದರ ಮೇಲೆ 1807 ರ ಒಪ್ಪಂದದಿಂದ ನಾಲ್ಕು ಸಾವಿರ ಸಿಲೇದಾರ ಸವಾರರನ್ನು ಸಾಕುವ ಹೊರೆಯೂ ಬಿತ್ತು. ಬೆಳೆ ಬರಲಿ ಬಾರದಿರಲಿ, ಧಾನ್ಯದ ಧಾರಣೆ ಏರಲಿ ಇಳಿಯಲಿ, ಈ ಹಣವು ಕಡಮೆಯಾಗುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಎರಡನೆಯ ಪಾದದಲ್ಲಿ ದಕ್ಷಿಣದೇಶದಲ್ಲೆಲ್ಲ ಧಾನ್ಯದ ಬೆಲೆಗಳು ಕುಸಿದವೆಂಬುದು ಮದರಾಸು ಆಧಿಪತ್ಯದ ಕಂದಾಯದ ಚರಿತ್ರೆಯನ್ನು ಬಲ್ಲವರಿಗೆಲ್ಲ ತಿಳಿದ ವಿಷಯ. ಹತ್ತು ಖಂಡುಗ ಮಾರಿ ಕಟ್ಟುತ್ತಿದ್ದ ಕಂದಾಯಕ್ಕೆ ಹದಿನೈದು ಖಂಡುಗ ಮಾರಬೇಕಾದರೆ, ದರವನ್ನು ಏರಿಸದೆಯೇ ತೆರಿಗೆಯು ಒಂದೂವರೆಯಾದಂತಾಯಿತು. ಲಂಚಗುಳಿ ಅಮಲ್ದಾರನು ಈ ಹುಣ್ಣಿನ ಮೇಲೆ ಉಪ್ಪು ಸುರಿದನೆನ್ನಬಹುದು. ಹುಣ್ಣು ಅವನೊಬ್ಬನು ಮಾಡಿದ್ದಲ್ಲ.

ಇದಕ್ಕೆ ಬಲವಾದ ಪ್ರಮಾಣವು ಘಟ್ಟದ ಕೆಳಗಿದೆ. ಅದೇ 1830-31 ರಲ್ಲಿ ಕನ್ನಡ ಜಿಲ್ಲೆಯ ರೈತರೂ ಕೂಟಗಳನ್ನು ಕಟ್ಟಿ, ಅರ್ಜಿಗಳನ್ನು ಬರೆದು, ಕಂದಾಯವನ್ನು ನಿಲ್ಲಿಸಿದರು. ಆ ಜಿಲ್ಲೆಯು 1799 ರಿಂದ ಕಂಪೆನಿಯ ನೇರ ಆಡಳಿತದಲ್ಲಿದ್ದಿತು. ಅಲ್ಲಿ ಕೃಷ್ಣರಾಜ ಒಡೆಯರಿರಲಿಲ್ಲ, ಶರ್ತಿಯಿರಲಿಲ್ಲ, ವೀರರಾಜ ಅರಸಿರಲಿಲ್ಲ. ಇದ್ದವನು ಇಂಗ್ಲಿಷ್ ಕಲೆಕ್ಟರನು. ಘಟ್ಟದ ಮೇಲೆ ಕೂಟವೆದ್ದರೆ ಅರಸರ ದುರಾಡಳಿತವೇ ಕಾರಣವಾಗುವುದಾದರೆ, ಘಟ್ಟದ ಕೆಳಗೆ ಅದೇ ಹೆಸರಿನ ಕೂಟವು ಅದೇ ವರ್ಷದಲ್ಲಿ ಏಳಲು ಕಾರಣವೇನು? ಮದರಾಸು ಸರ್ಕಾರವು ಸ್ಟೋಕ್ಸನೆಂಬ ಅಧಿಕಾರಿಯಿಂದ ಅದನ್ನು ವಿಚಾರಿಸಿ 1833 ರಲ್ಲಿ ವರದಿ ಪಡೆಯಿತು. ಆದರೆ ಅದರಿಂದಾಗಿ ಕನ್ನಡ ಜಿಲ್ಲೆಯನ್ನು ಕಂಪೆನಿಯ ಕೈಯಿಂದ ಯಾರೂ ಬಿಡಿಸಲಿಲ್ಲ. ಒಂದೇ ರೋಗಕ್ಕೆ ಒಂದು ಕಡೆ ಔಷಧ, ಇನ್ನೊಂದು ಕಡೆ ಪದಚ್ಯುತಿ. ಈ ಎರಡು ವಿಚಾರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ಕೆಲಸವನ್ನು ಗ್ಯಾಸೆಟಿಯರಿನ ಕರ್ತರು ಮಾಡಲಿಲ್ಲ. ಅವರ ಗ್ರಂಥಗಳು ಸಂಸ್ಥಾನಕ್ಕೊಂದು, ಜಿಲ್ಲೆಗೊಂದು ಬೇರೆಬೇರೆಯಾಗಿದ್ದುದೂ ಇದಕ್ಕೆ ಸ್ವಲ್ಪ ಕಾರಣವಿರಬಹುದು.

ಕೂಟವೆಂಬ ಮಾತಿನ ವಿಷಯದಲ್ಲಿಯೂ ಒಂದು ಮಾತು ಅಗತ್ಯ. ವರದಿಯನ್ನನುಸರಿಸಿದ ಬರಹಗಳಲ್ಲಿ, ಅಧಿಕಾರ ಕಳೆದುಕೊಂಡ ರಾಮರಾಯನ ಪಕ್ಷದವರು ಹೊಸ ಫೌಜುದಾರನ ಮೇಲಿನ ಹಗೆಯಿಂದ ರೈತರನ್ನು ಒಳಗಿಂದೊಳಗೆ ಎತ್ತಿಕಟ್ಟಿದರೆಂಬ ವಾದವು ಪ್ರಧಾನವಾಗಿದೆ. ಅಂಥ ಕುತಂತ್ರವು ನಡೆದಿರಬಹುದು. ಆದರೆ ಹೊನ್ನಾಳಿ, ಬಸವಾಪಟ್ಟಣಗಳ ರೈತರು ಸೇರಿ, ಹಳ್ಳಿಯಿಂದ ಹಳ್ಳಿಗೆ ಕರೆ ಕಳುಹಿಸಿ, ಕಂದಾಯವನ್ನು ತಡೆಹಿಡಿದುದು ಕೇವಲ ಸೂತ್ರದ ಗೊಂಬೆಗಳ ಆಟವೆನ್ನುವುದು ರೈತನಿಗೆ ಸ್ವಂತ ಬುದ್ಧಿಯಿಲ್ಲವೆಂಬ ಅಭಿಪ್ರಾಯದ ಮೇಲೆ ನಿಂತ ತರ್ಕ. ಪಟೇಲನು ಮುಂದಾಳಾಗಿ, ಊರವರು ಒಟ್ಟುಗೂಡಿ, ನ್ಯಾಯ ದೊರೆಯುವವರೆಗೆ ತೆರಿಗೆಯನ್ನು ನಿಲ್ಲಿಸುವುದು ಈ ಸೀಮೆಗೆ ಹೊಸತಲ್ಲ. ಅದು ದಂಗೆಯ ಪೂರ್ವಭಾಗ. ಒಂದು ಬಗೆಯ ಮೊರೆ. ಆ ಮೊರೆಯನ್ನು ಕೇಳದೆ ಸೈನ್ಯವನ್ನು ಕಳುಹಿಸಿ, ಸೆರೆಸಿಕ್ಕ ಅನೇಕರನ್ನು ಗಲ್ಲಿಗೇರಿಸಿದ ಮೇಲೆ ಅದು ಯುದ್ಧವಾಯಿತು. ಈ ಎರಡು ಘಟ್ಟಗಳನ್ನು ಬೇರ್ಪಡಿಸದೆ ಎಲ್ಲವನ್ನೂ ದಂಗೆಯೆಂಬ ಒಂದೇ ಮೂಟೆಯಲ್ಲಿ ಕಟ್ಟಿರುವುದು ವರದಿಯ ದೊಡ್ಡ ದೋಷ.

ಅರಮನೆಯ ಪಕ್ಷದ ವಾದವು ಮುಖ್ಯವಾಗಿ ನ್ಯಾಯಶಾಸ್ತ್ರದ್ದು. ಮೇಜರ್ ಇವಾನ್ಸ್ ಬೆಲ್ಲನು 1865 ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಡಂಬಡಿಕೆಯ ಕಲಮುಗಳನ್ನು ಬಿಡಿಸಿ ತೋರಿಸಿದನು. ಪೊಗದಿಯ ಹಣಕ್ಕೆ ಭಂಗ ಬರುವ ಭಯವಿದ್ದರೆ, ಅದಕ್ಕೆ ಬೇಕಾದಷ್ಟು ಭಾಗವನ್ನು ಮಾತ್ರ ಕಂಪೆನಿಯು ವಹಿಸಿಕೊಳ್ಳಬಹುದಾಗಿತ್ತೇ ಹೊರತು ಇಡೀ ರಾಜ್ಯವನ್ನಲ್ಲ. ಈ ಸಂದೇಹವು ಬೆಂಟಿಂಕನಿಗೇ 1834 ರಲ್ಲಿ ಬಂದಿತ್ತು. ಅವನು ರಾಜ್ಯದ ಒಂದು ಭಾಗವನ್ನು ಅರಸರಿಗೆ ಮರಳಿ ಕೊಡಬಹುದೆಂದು ಬರೆದನು. ವಿಲಾಯತಿಯ ಡೈರೆಕ್ಟರರು ಒಪ್ಪಲಿಲ್ಲ. ತನ್ನ ಆಡಳಿತದಲ್ಲಿ ವ್ಯಸನಪಡಬೇಕಾದ ಕಾರ್ಯವೆಂದರೆ ಇದೊಂದೇ ಎಂದು ಅವನು ಮುಂದೆ ಹೇಳಿದನೆಂದು ಪ್ರತೀತಿಯಿದೆ. ಬೆಲ್ಲನ ತರ್ಕವು ಅಭೇದ್ಯ. ಆದರೆ ಅದರಲ್ಲಿ ರೈತನಿಗೆ ಸ್ಥಳವಿಲ್ಲ. ಅರಸರಿಗೂ ಕಂಪೆನಿಗೂ ನಡುವಿನ ವ್ಯಾಜ್ಯದಲ್ಲಿ ನಗರದ ಸೀಮೆಯು ಒಂದು ಜಮೀನಿನಂತೆ ಕಾಣುತ್ತದೆ, ಅದರ ಮೇಲಿನ ಜನರು ಕಾಣುವುದಿಲ್ಲ. 1936 ರಲ್ಲಿ ಹೊರಬಂದ ಎಂ. ಶಾಮರಾಯರ ಆಧುನಿಕ ಮೈಸೂರಿನ ಚರಿತ್ರೆಯು ಹೆಚ್ಚು ವಿಸ್ತಾರವಾದದ್ದು, ಕಾಗದಪತ್ರಗಳ ಆಧಾರವುಳ್ಳದ್ದು. ಅರಸರ ಆಳ್ವಿಕೆಯಿದ್ದ ದಿನಗಳಲ್ಲಿ ಬರೆದ ಗ್ರಂಥವಾದುದರಿಂದ ಅದರಲ್ಲಿ ರಾಜಭಕ್ತಿಯ ಛಾಯೆಯಿರುವುದು ಸಹಜ. ಅದನ್ನು ಕಳೆದು ಓದಿದರೆ ಇಂದಿಗೂ ಉಪಯುಕ್ತ.

ಆಳುವವನ ಲಂಚಗುಳಿತನವನ್ನು ಎತ್ತಿ ತೋರಿಸಿ, ಅವನ ಕತ್ತಿನ ಮೇಲಿದ್ದ ಹೊರೆಯನ್ನು ಮರೆಮಾಡುವ ಚರಿತ್ರೆಯು ಮೈಸೂರಿಗೆ ಮಾತ್ರ ಸೇರಿದ್ದಲ್ಲ. ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಗುಲಾಮರು ಬಂಡೆದ್ದು 1804 ರಲ್ಲಿ ಸ್ವತಂತ್ರರಾದರು. 1825 ರಲ್ಲಿ ಫ್ರಾನ್ಸಿನ ಅರಸನು ಯುದ್ಧದ ಹಡಗುಗಳನ್ನು ಕಳುಹಿಸಿ, ಕಳೆದುಕೊಂಡ ಆಸ್ತಿಗೆ ಪರಿಹಾರವೆಂದು 15 ಕೋಟಿ ಫ್ರಾಂಕುಗಳನ್ನು ಕೇಳಿದನು. 1838 ರಲ್ಲಿ ಮೊತ್ತವನ್ನು ಇಳಿಸಿದರೂ, ಅದಕ್ಕಾಗಿ ಮಾಡಿದ ಸಾಲವು ಆ ದೇಶವನ್ನು ಬಹುಕಾಲ ಹಿಂಡಿತು. ಮುಂದೆ ಹೈಟಿಯ ಬಡತನಕ್ಕೆ ಕಾರಣ ಬರೆದವರು ಅಲ್ಲಿಯ ಅಧ್ಯಕ್ಷರ ಭ್ರಷ್ಟತೆಯನ್ನು ಪುಟಗಟ್ಟಲೆ ವರ್ಣಿಸಿದರು, ಪರಿಹಾರದ ಹಣಕ್ಕೆ ಒಂದೆರಡು ಸಾಲುಗಳನ್ನು ಕೊಟ್ಟರು. ಆ ನಾಡಿನವನೇ ಆದ ಟ್ರೂಯೋ ಎಂಬ ವಿದ್ವಾಂಸನು 1995 ರ ತನ್ನ ಗ್ರಂಥದಲ್ಲಿ, ಮೌನವು ಚರಿತ್ರೆಯೊಳಗೆ ಹೇಗೆ ಸೇರುತ್ತದೆಂಬುದನ್ನು ವಿವೇಚಿಸಿದ್ದಾನೆ: ಕಾಗದ ಹುಟ್ಟುವಾಗ, ಕಾಗದವನ್ನು ಕೂಡಿಡುವಾಗ, ಕಥೆ ಹೇಳುವಾಗ. 2025 ರಲ್ಲಿ ಫ್ರಾನ್ಸಿನ ಅಧ್ಯಕ್ಷನು ಆ ಹಳೆಯ ಹಣದ ವಿಷಯವನ್ನು ಪರಿಶೀಲಿಸಲು ಎರಡು ದೇಶಗಳ ಚರಿತ್ರಕಾರರ ಸಮಿತಿಯನ್ನು ಪ್ರಕಟಿಸಿದನು. ಮೈಸೂರಿನ ಸ್ಥಿತಿಯು ಹೈಟಿಯದಲ್ಲ. ಆದರೂ 1833 ರ ವರದಿಯನ್ನು ಓದುವವನಿಗೆ ಟ್ರೂಯೋವಿನ ಪ್ರಶ್ನೆಗಳು ಅಪ್ರಸ್ತುತವಾಗಲಾರವು.

ಈಚಿನ ಬರಹಗಳಲ್ಲಿ ದೋಷವು ಇನ್ನೊಂದು ಕಡೆಗೆ ವಾಲಿದೆ. ಬರ್ಟನ್ ಸ್ಟೈನನು 1985 ರಲ್ಲಿ ಈ ದಂಗೆಯ ವಿಷಯವಾಗಿ ಬರೆದ ಪ್ರಬಂಧವು ಸ್ಥಳೀಯ ಮುಖಂಡರಿಗೂ ಕೇಂದ್ರಶಕ್ತಿಗೂ ನಡುವಿನ ಹಳೆಯ ಘರ್ಷಣೆಯನ್ನು ಗಮನಕ್ಕೆ ತಂದು ಉಪಕಾರ ಮಾಡಿತು. 2004 ರಲ್ಲಿ ಪ್ರಕಟವಾದ ಸಾಕಿಯ ‘ಮೇಕಿಂಗ್ ಹಿಸ್ಟರಿ’ಯ ಎರಡನೆಯ ಸಂಪುಟವು ಇದನ್ನು ಅರಸೊತ್ತಿಗೆಗೂ ಪರಕೀಯರಿಗೂ ವಿರುದ್ಧವಾದ ರೈತಯುದ್ಧವೆಂದು ಪ್ರತಿಪಾದಿಸುತ್ತದೆ. ರೈತನನ್ನು ಕಥೆಯ ನಡುವೆ ನಿಲ್ಲಿಸಿದ್ದು ಅದರ ಗುಣ. ಆದರೆ ಆ ರೈತರೇ ಕೆಳದಿಯ ಸಿಂಹಾಸನಕ್ಕೆ ಒಬ್ಬ ಅರಸನನ್ನು ಕೂರಿಸಲು ಹೊರಟಿದ್ದರು, ತರೀಕೆರೆಯ ಪಾಳೆಯಗಾರನನ್ನು ಮುಂದಿಟ್ಟುಕೊಂಡಿದ್ದರು ಎಂಬುದನ್ನು ಮರೆಯುವಂತಿಲ್ಲ. ಅರಸೊತ್ತಿಗೆಯ ಮೇಲೆ ಅವರಿಗೆ ಹಗೆಯಿರಲಿಲ್ಲ. ಕೆಟ್ಟ ಅರಸುತನದ ಮೇಲೆ ಇದ್ದಿತು. ಸ್ವಾತಂತ್ರ್ಯಯೋಧರ ಪಟ್ಟಿಯಲ್ಲಿ 1834 ರಲ್ಲಿ ಗಲ್ಲಿಗೇರಿದ ಸರ್ಜಾ ಹನುಮಪ್ಪನಾಯಕನ ಹೆಸರನ್ನು ಸೇರಿಸುವವರು ಸೇರಿಸಲಿ. ಆದರೆ ಅವನು ಮೊದಲು ಕತ್ತಿ ಹಿರಿದುದು ಮೈಸೂರಿನ ಅರಸರ ಮೇಲೆ ಎಂಬುದನ್ನೂ ಅದೇ ಪಟ್ಟಿಯಲ್ಲಿ ಬರೆಯಬೇಕಾಗುತ್ತದೆ.

ಇನ್ನು ಉಳಿದಿರುವುದು ಮಲೆಯ ಭಾಗದ ಪ್ರಶ್ನೆ. ಈ ಚರಿತ್ರೆಗಳೆಲ್ಲ ಕೋಟೆಗಳನ್ನೂ ಕಸಬೆಗಳನ್ನೂ ಹಿಡಿದು ನಡೆಯುತ್ತವೆ. ನಗರದ ಸೀಮೆಯೆಲ್ಲ ಒಂದೇ ಬಗೆಯಾಗಿ ನೊಂದಿತೆಂದು ಭಾವಿಸುತ್ತವೆ. ಆದರೆ ಕಂದಾಯದ ರೀತಿಯು ಒಂದೇ ಆಗಿರಲಿಲ್ಲ. ಬಯಲಿನ ರೈತನು ನಗದು ಕಟ್ಟುತ್ತಿದ್ದನು. ಕಾಫಿಗಾದರೋ ಮೊದಲಲ್ಲಿ ಇದ್ದದ್ದು ವಾರ. ಬೆಳೆದದ್ದರಲ್ಲಿ ಅರ್ಧವು ಸರ್ಕಾರದ ಪಾಲು. ಅರ್ಧವೆಂಬುದು ಕ್ರೂರವಾದ ಭಾಗವೇ ಸರಿ. ಆದರೆ ಬೆಲೆ ಬಿದ್ದರೆ ಸರ್ಕಾರದ ಪಾಲಿನ ಬೆಲೆಯೂ ಬೀಳುತ್ತದೆ. ನಗದಿನ ಕಂದಾಯದಂತೆ ಅದು ತಾನೇ ತಾನಾಗಿ ಭಾರವಾಗುವುದಿಲ್ಲ. ಅಲ್ಲಿಯ ಮೋಸವೂ ಬೇರೆ ಬಗೆಯದು. ಹಣದ ಲೆಕ್ಕದಲ್ಲಲ್ಲ, ಕಣದಲ್ಲಿ, ಅಳತೆಯಲ್ಲಿ, ಬೆಳೆಯ ಅಂದಾಜಿನಲ್ಲಿ ಅದಕ್ಕೆ ಅವಕಾಶ. ಹೀಗಿರಲು ಆಲ್ದೂರಿನ ಕಡೆಯ ಕಾಫಿಯ ಕೃಷಿಕನೂ ಹೊನ್ನಾಳಿಯ ಜೋಳದ ರೈತನೂ ಒಂದೇ ಕಾರಣಕ್ಕೆ, ಒಂದೇ ಮಟ್ಟಿಗೆ ಕೆರಳಿದರೆಂದು ಹೇಳಲು ಆಧಾರವಿಲ್ಲ. ಕಮಿಷನರ ಕಾಲದಲ್ಲಿ ವಾರವು ಹೋಗಿ ಮಣಕ್ಕಿಷ್ಟೆಂದು ಹಾಲತ್ ಬಂತು; ಅದು ಇಳಿಯುತ್ತ ಕಡೆಗೆ ಮಣಕ್ಕೆ ನಾಲ್ಕಾಣೆಯಾಯಿತು. ಈ ಇಳಿತವು ನಡೆದುದು ಕ್ಯಾನನ್ ಮೊದಲಾದ ಐರೋಪ್ಯ ತೋಟಗಾರರು ಬಾಬಾಬುಡನ್ ಗಿರಿಗಳ ದಕ್ಷಿಣಕ್ಕೆ ಕಾಡು ಕಡಿದು ತೋಟ ಹಾಕುತ್ತಿದ್ದ ಕಾಲದಲ್ಲಿಯೇ. ಗ್ಯಾಸೆಟಿಯರಿನಲ್ಲಿ ದಂಗೆಯ ಕಥೆ ಒಂದು ಅಧ್ಯಾಯದಲ್ಲಿಯೂ ಕಾಫಿಯ ಸುಂಕದ ಕಥೆ ಮತ್ತೊಂದರಲ್ಲಿಯೂ ಇವೆ.